ಹಂಪಿಯ ಬಾಗಿಲಲ್ಲಿ ಎರಡು ದರ

ರಾಯದುರ್ಗದ ನಮ್ಮ ಕಲಿಕಾ ಕೇಂದ್ರದವರೆಲ್ಲ ಸೇರಿ ಒಮ್ಮೆ ಹಂಪಿಗೆ ಹೋಗಿದ್ದೆವು. ದೊಡ್ಡವರು 14 ಜನ, ಮಕ್ಕಳು 6. ರೊಟ್ಟಿ, ಶೇಂಗಾ ಚಟ್ನಿ, ಚಿತ್ರಾನ್ನದ ಬುತ್ತಿ ಜೊತೆಗಿತ್ತು. ಬಳ್ಳಾರಿ ದಾಟಿ ಕಮಲಾಪುರ ಮುಟ್ಟುವಷ್ಟರಲ್ಲಿ ಬಿಸಿಲು ಏರಿತ್ತು. ಮೊದಲು ನೋಡಿದ್ದು ವಿಠ್ಠಲ ದೇವಸ್ಥಾನ. ಕಲ್ಲಿನ ರಥ ಇರುವುದು ಅಲ್ಲೇ. ನಿಮ್ಮ ಹತ್ತಿರ 50 ರೂಪಾಯಿಯ ಹೊಸ ನೋಟು ಇದ್ದರೆ ತಿರುಗಿಸಿ ನೋಡಿ. ಹಿಂದೆ ಇರುವುದು ಅದೇ ರಥ.

ಟಿಕೆಟ್ ಕೊಡುವ ಕಡೆ ಸಾಲು ಇತ್ತು. ನಮ್ಮ ಗುಂಪಿನಲ್ಲಿ ಒಬ್ಬ ಅಕ್ಕ ಇದ್ದಾರೆ. ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಕೆಲಸ. ಓದಲು ಕಲಿತು ಎರಡು ವರ್ಷ. ಈಗ ಅವರ ಕಣ್ಣಿಗೆ ಯಾವ ಬೋರ್ಡು ಬಿದ್ದರೂ ಬಿಡುವುದಿಲ್ಲ, ಜೋರಾಗಿ ಓದಿಬಿಡುತ್ತಾರೆ. ಬಸ್ಸಿನ ಬೋರ್ಡು, ಗೊಬ್ಬರದ ಅಂಗಡಿ ಬೋರ್ಡು, ಎಲ್ಲಾನೂ. ಅವತ್ತೂ ಓದಿದರು. "ಭಾರತೀಯರಿಗೆ 40 ರೂಪಾಯಿ. ವಿದೇಶಿಯರಿಗೆ 600 ರೂಪಾಯಿ."

ಆಮೇಲೆ ಸುಮ್ಮನಾದರು. ಬೆರಳು ಮಡಚಿ ಲೆಕ್ಕ ಹಾಕಿದರು. ನನ್ನ ಕಡೆ ತಿರುಗಿ ಕೇಳಿದರು:

"ಸಾರ್, ನಾವು 14 ಜನ ದೊಡ್ಡೋರು. ಎಲ್ಲಾ ಸೇರಿ 560 ಆಯ್ತು. ಮುಂದೆ ನಿಂತಿರೋ ಆ ಬಿಳೀ ಯಮ್ಮ ಒಬ್ರಿಗೇ 600. ಮನೀಗೆ ಬಂದ ನೆಂಟ್ರ ಹತ್ರ ಹಿಂಗ್ ವಸೂಲಿ ಮಾಡ್ತಾರಾ?"

ಲೆಕ್ಕ ಸರಿಯಾಗಿತ್ತು. 40ನ್ನು 15ರಿಂದ ಗುಣಿಸಿದರೆ 600. ಒಬ್ಬ ವಿದೇಶಿ ಪ್ರವಾಸಿ ಕೊಡುವುದು ನಮ್ಮಂಥ 15 ಜನರ ಹಣ. ಅಕ್ಕನ ಪ್ರಶ್ನೆಗೆ ಸಾಲಿನಲ್ಲಿ ನಿಂತು ಉತ್ತರ ಹೇಳಲು ಆಗಲಿಲ್ಲ. ಊರಿಗೆ ಬಂದ ಮೇಲೆ ಕೇಂದ್ರದಲ್ಲಿ ಎರಡು ಸಂಜೆ ಇದೇ ಮಾತು ನಡೆಯಿತು. ಆಗ ಆಡಿದ ಮಾತುಗಳನ್ನೇ ಇಲ್ಲಿ ಬರೆದಿದ್ದೇನೆ.

ಈ ದರ ಯಾರು ಇಟ್ಟರು?

ಹಂಪಿಯ ಈ ಟಿಕೆಟ್ ಕೊಡುವುದು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ. ಹೆಸರು ಉದ್ದ. ಹಳೆಯ ಗುಡಿ, ಕೋಟೆ, ಗೋರಿ, ಶಾಸನಗಳನ್ನು ಕಾಯುವ ಕೇಂದ್ರ ಸರ್ಕಾರದ ಇಲಾಖೆ ಇದು. ದೇಶದಲ್ಲಿ ಇದರ ಕೈಯಲ್ಲಿ ಸುಮಾರು 3,700 ಸ್ಮಾರಕಗಳಿವೆ. ಅಷ್ಟರಲ್ಲಿ ಟಿಕೆಟ್ ಇರುವುದು ಸುಮಾರು 140 ಕಡೆ ಮಾತ್ರ. ಉಳಿದ ಕಡೆ ವರ್ಷವಿಡೀ ಬಿಟ್ಟಿ.

ಇದನ್ನು ಕೇಳಿ ಕೇಂದ್ರದಲ್ಲಿ ಎಲ್ಲರಿಗೂ ಆಶ್ಚರ್ಯ. ಆದರೆ ನಮ್ಮ ಪಕ್ಕದಲ್ಲೇ ನೋಡಿ. ರಾಯದುರ್ಗದಿಂದ ಮೊಳಕಾಲ್ಮೂರು ಎಷ್ಟು ದೂರ? ಆ ತಾಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ ಅಶೋಕ ಚಕ್ರವರ್ತಿ ಬರೆಸಿದ ಬಂಡೆ ಶಾಸನಗಳಿವೆ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಳೆಯವು. 1892ರಲ್ಲಿ ಬಿ. ಎಲ್. ರೈಸ್ ಅವರು ಇವುಗಳನ್ನು ಬೆಳಕಿಗೆ ತಂದರು. ಹಂಪಿಗಿಂತ ಇವು ಎಷ್ಟೋ ಹಳೆಯವು. ನೋಡಲು ಒಂದು ಪೈಸೆಯೂ ಬೇಡ. ಅಲ್ಲಿಗೆ ಹೋಗುವವರೂ ಕಡಿಮೆ, ಆ ಮಾತು ಬೇರೆ.

ಟಿಕೆಟ್ ಇರುವ ಕಡೆ ಎರಡು ವರ್ಗ ಮಾಡಿದ್ದಾರೆ. ಮೊದಲನೆಯ ವರ್ಗದಲ್ಲಿ ಹಂಪಿ, ಪಟ್ಟದಕಲ್ಲಿನಂಥ ಹೆಸರಾದ ಜಾಗಗಳು ಬರುತ್ತವೆ. ಈ ಎರಡೂ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಹಂಪಿ 1986ರಲ್ಲಿ ಸೇರಿತು, ಪಟ್ಟದಕಲ್ಲು 1987ರಲ್ಲಿ. ಎರಡನೆಯ ವರ್ಗದಲ್ಲಿ ಚಿತ್ರದುರ್ಗದ ಕೋಟೆ, ವಿಜಾಪುರದ ಗೋಲ ಗುಮ್ಮಟ, ಶ್ರೀರಂಗಪಟ್ಟಣದ ದರಿಯಾ ದೌಲತ್ ಇಂಥವು ಬರುತ್ತವೆ. 2018ರ ಆಗಸ್ಟಿನಲ್ಲಿ ಬಂದ ದರದ ಪ್ರಕಾರ ಮೊದಲ ವರ್ಗಕ್ಕೆ ನಮಗೆ 40, ವಿದೇಶಿಯರಿಗೆ 600. ಎರಡನೆಯ ವರ್ಗಕ್ಕೆ ನಮಗೆ 25, ಅವರಿಗೆ 300.

ಫೋನಿನಲ್ಲಿ ಅಥವಾ ಕಾರ್ಡಿನಲ್ಲಿ ಹಣ ಕಟ್ಟಿದರೆ ಸ್ವಲ್ಪ ಕಡಿಮೆ. ನಮಗೆ 40ರ ಬದಲು 35, 25ರ ಬದಲು 20. ಅವರಿಗೆ 600ರ ಬದಲು 550, 300ರ ಬದಲು 250. ಅವತ್ತು ನಮಗೆ ಇದು ಗೊತ್ತಿರಲಿಲ್ಲ. ಎಲ್ಲರೂ ನೋಟು ಹಿಡಿದುಕೊಂಡು ನಿಂತಿದ್ದೆವು. ಗೊತ್ತಿದ್ದಿದ್ದರೆ 560 ಕೊಡುವಲ್ಲಿ 490 ಸಾಕಿತ್ತು. 70 ರೂಪಾಯಿ ಉಳಿಯುತ್ತಿತ್ತು. ಮಕ್ಕಳಿಗೆ ಎಳನೀರು ಕುಡಿಸಬಹುದಿತ್ತು.

ಇನ್ನೊಂದು ಮಾತು. ಹಂಪಿಯಲ್ಲಿ ಒಂದು ಕಡೆ ಕೊಂಡ ಟಿಕೆಟ್ಟನ್ನು ಎಸೆಯಬೇಡಿ. ವಿಠ್ಠಲ ದೇವಸ್ಥಾನದ ಟಿಕೆಟ್ಟೇ ಕಮಲ ಮಹಲ್ ಇರುವ ರಾಣಿವಾಸಕ್ಕೂ ಕಮಲಾಪುರದ ವಸ್ತುಸಂಗ್ರಹಾಲಯಕ್ಕೂ ಆಗುತ್ತದೆ. ಆದರೆ ಅದೇ ದಿನ ನೋಡಬೇಕು. ಶುಕ್ರವಾರ ವಸ್ತುಸಂಗ್ರಹಾಲಯಕ್ಕೆ ರಜೆ. ನಮ್ಮ ಗುಂಪಿನ ಒಬ್ಬ ಮಾವ ಟಿಕೆಟ್ಟನ್ನು ಉಂಡೆ ಮಾಡಿ ಎಸೆದುಬಿಟ್ಟಿದ್ದರು. ಮತ್ತೆ ಹೋಗಿ ಹುಡುಕಿ ತಂದರು.

ಎರಡು ದರ ಯಾವಾಗ ಬಂತು?

ಈ ರೀತಿಯ ದೊಡ್ಡ ಅಂತರ ಬಂದದ್ದು 2000ದ ಅಕ್ಟೋಬರಿನಲ್ಲಿ. ಆಗ ವಿಶ್ವ ಪರಂಪರೆಯ ಜಾಗಗಳಿಗೆ ವಿದೇಶಿಯರಿಗೆ 10 ಡಾಲರ್ ಅಂತ ಇಟ್ಟರು. ಡಾಲರ್ ಅಂದರೆ ಅಮೆರಿಕದ ಹಣ. ಆಗ ಒಂದು ಡಾಲರಿಗೆ ಸುಮಾರು 46 ರೂಪಾಯಿ. ಹಾಗಾದರೆ 10 ಡಾಲರಿಗೆ ಎಷ್ಟು? 460 ರೂಪಾಯಿ. ನಮ್ಮವರಿಗೆ ಬರೀ 10 ರೂಪಾಯಿ. ಪ್ರವಾಸದ ವ್ಯಾಪಾರ ಮಾಡುವವರು ಗಲಾಟೆ ಮಾಡಿದರು. ಆಮೇಲೆ ಅದನ್ನು 5 ಡಾಲರ್ ಇಲ್ಲವೆ 250 ರೂಪಾಯಿಗೆ ಇಳಿಸಿದರು. ಬಹಳ ವರ್ಷ ಹಾಗೇ ಇತ್ತು. 2016ರಲ್ಲಿ ನಮಗೆ 30, ಅವರಿಗೆ 500 ಆಯಿತು. 2018ರಲ್ಲಿ 40 ಮತ್ತು 600.

ಅಕ್ಕ ಕೇಳಿದ್ದು ನೆಂಟರ ಪ್ರಶ್ನೆ. ಅದಕ್ಕೆ ಸರ್ಕಾರದ ಕಡೆಯಿಂದ ಹೇಳುವ ಕಾರಣ ಎರಡು. ಈ ಸ್ಮಾರಕಗಳನ್ನು ಕಾಯಲು ಹಣ ಬರುವುದು ನಮ್ಮ ತೆರಿಗೆಯಿಂದ. ನಾವು ಸೋಪು ಕೊಂಡರೂ ತೆರಿಗೆ ಕಟ್ಟುತ್ತೇವೆ, ಬೆಂಕಿಪೊಟ್ಟಣ ಕೊಂಡರೂ ಕಟ್ಟುತ್ತೇವೆ. ಹೊರಗಿನವರು ವರ್ಷವಿಡೀ ಹಾಗೆ ಕಟ್ಟುವುದಿಲ್ಲ. ಆದ್ದರಿಂದ ಬಾಗಿಲಲ್ಲಿ ಹೆಚ್ಚು ಕೊಡಲಿ ಎಂಬುದು ಒಂದು. ಎರಡನೆಯದು ಕೂಲಿಯ ಮಾತು. ಇದು ನಮ್ಮವರಿಗೆ ಬೇಗ ಅರ್ಥವಾಯಿತು. 2024-25ರಲ್ಲಿ ಆಂಧ್ರದಲ್ಲಿ ಉದ್ಯೋಗ ಖಾತರಿ ಕೆಲಸಕ್ಕೆ ದಿನಕ್ಕೆ 300 ರೂಪಾಯಿ ಕೂಲಿ ಇತ್ತು. ಎಲ್ಲರಿಗೂ ಒಂದೇ ದರ ಅಂತ 600 ಇಟ್ಟರೆ, ಕಲ್ಲಿನ ರಥ ನೋಡಲು ನಾವು ಎರಡು ದಿನ ಮಣ್ಣು ಹೊರಬೇಕು. ಎಲ್ಲರಿಗೂ 40 ಇಟ್ಟರೆ ವಿಮಾನದಲ್ಲಿ ಬಂದವರಿಗೆ ಅದು ಲೆಕ್ಕಕ್ಕೇ ಇಲ್ಲ.

"ಹಂಗಾದ್ರೆ ಸರಿ ಬಿಡಿ" ಅಂದರು ಅಕ್ಕ. ಆದರೆ ಪೂರ್ತಿ ಒಪ್ಪಲಿಲ್ಲ. "ಅವ್ರಲ್ಲೂ ಬಡವ್ರು ಇರ್ತಾರಲ್ಲ ಸಾರ್?" ಅಂದರು. ಇರುತ್ತಾರೆ. ಓದುವ ಹುಡುಗ ಹುಡುಗಿಯರು ಬೆನ್ನಿಗೆ ಚೀಲ ಹಾಕಿಕೊಂಡು ಬರುತ್ತಾರೆ. ಅವರಿಗೂ 600. ನಮ್ಮಲ್ಲಿ ಕಾರಿನಲ್ಲಿ ಬರುವ ಶ್ರೀಮಂತರಿಗೂ 40. ದರ ಜೇಬು ನೋಡುವುದಿಲ್ಲ, ದೇಶ ನೋಡುತ್ತದೆ. ಇದು ಈ ಪದ್ಧತಿಯ ಕೊರತೆ ಎಂದೇ ನನ್ನ ಅಭಿಪ್ರಾಯ.

ಆ 600 ರೂಪಾಯಿ ಹಂಪಿಗೇ ಹೋಗುತ್ತದೆಯೇ? ಬಹಳ ಜನ ಹಾಗೆ ತಿಳಿದಿದ್ದಾರೆ. ಇಲ್ಲ. ಟಿಕೆಟ್ಟಿನ ಹಣ ಮೊದಲು ಭಾರತದ ಸಂಚಿತ ನಿಧಿಗೆ ಹೋಗುತ್ತದೆ. ಅದು ಇಡೀ ದೇಶದ ದೊಡ್ಡ ಹುಂಡಿ ಇದ್ದ ಹಾಗೆ. ಅಲ್ಲಿಂದ ಬಜೆಟ್ಟಿನಲ್ಲಿ ಇಲಾಖೆಗೆ ಇಷ್ಟು ಅಂತ ಕೊಡುತ್ತಾರೆ. ಇಲ್ಲಿ ಕೊಟ್ಟ ದುಡ್ಡು ಇಲ್ಲಿನ ಕಲ್ಲಿಗೇ ಬಿತ್ತು ಅಂತ ಹೇಳಲು ಆಗುವುದಿಲ್ಲ.

ಯಾರು ವಿದೇಶಿ, ಯಾರು ಅಲ್ಲ?

ಮಡಕಶಿರಾ ಕಡೆಯ ಕೇಂದ್ರದಿಂದ ಒಂದು ಪ್ರಶ್ನೆ ಬಂದಿತ್ತು. ನಗು ಬರುವ ಪ್ರಶ್ನೆ, ಆದರೆ ಕೇಳಿದವರು ನಿಜವಾಗಿಯೂ ಕೇಳಿದ್ದರು. "ನಾವು ಆಂಧ್ರದೋರು. ಹಂಪಿ ಇರೋದು ಕರ್ನಾಟಕದಾಗೆ. ನಮ್ಮ ಆಧಾರ್ ಕಾರ್ಡು ತೆಲುಗಿನಾಗೈತೆ. ನಮ್ಮನ್ನ ಹೊರಗಿನೋರು ಅಂತ ಹೆಚ್ಗೆ ತಗಂತಾರಾ?"

ಇಲ್ಲ. ಈ ಟಿಕೆಟ್ಟಿಗೆ ರಾಜ್ಯದ ಗಡಿ ಇಲ್ಲ. ರಾಯದುರ್ಗ ಅನಂತಪುರ ಜಿಲ್ಲೆಯಲ್ಲಿದೆ. ಮಡಕಶಿರಾ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಎರಡೂ ಆಂಧ್ರವೇ. ಅಲ್ಲಿಂದ ಬಂದವರಿಗೂ 40, ಹೊಸಪೇಟೆಯವರಿಗೂ 40, ಕಾಶ್ಮೀರದವರಿಗೂ 40. ಕಾರ್ಡಿನಲ್ಲಿ ಯಾವ ಭಾಷೆ ಇದ್ದರೂ ಒಂದೇ.

ದರ ನೋಡುವುದು ನಾಗರಿಕತ್ವವನ್ನು. ಮುಖವನ್ನಲ್ಲ, ಬಣ್ಣವನ್ನಲ್ಲ. ಆದರೆ ಕಿಟಕಿಯ ಒಳಗೆ ಕುಳಿತವರಿಗೆ ಮೊದಲು ಕಾಣುವುದು ಮುಖವೇ. ಅದರಿಂದ ತಪ್ಪುಗಳಾಗುತ್ತವೆ. ಮಣಿಪುರ, ನಾಗಾಲ್ಯಾಂಡ್, ಮಿಜೋರಾಂ ಕಡೆಯ ನಮ್ಮ ದೇಶದವರನ್ನೇ "ನೀವು ಎಲ್ಲಿಯವರು" ಅಂತ ಕೇಳಿ ಗುರುತಿನ ಚೀಟಿ ತೋರಿಸು ಅನ್ನುವುದುಂಟು. ತಮ್ಮ ದೇಶದಲ್ಲೇ ತಾನು ಈ ದೇಶದವನು ಅಂತ ತೋರಿಸಬೇಕಾಗುವುದು ಎಂಥ ನೋವು, ಯೋಚಿಸಿ. ನಮ್ಮ ಊರಿಗೆ ಅಂಥ ಹುಡುಗರು ಕೆಲಸಕ್ಕೆ ಬರುತ್ತಾರೆ. ಅವರ ಜೊತೆ ಹೋದರೆ ನೀವೇ ಮುಂದೆ ನಿಂತು ಮಾತಾಡಿ.

ಹೊರದೇಶದವರಲ್ಲೂ ಎಲ್ಲರೂ 600 ಕೊಡಬೇಕಾಗಿಲ್ಲ. ನೇಪಾಳ, ಭೂತಾನ್, ಬಾಂಗ್ಲಾದೇಶ, ಶ್ರೀಲಂಕಾ, ಮಾಲ್ಡೀವ್ಸ್, ಪಾಕಿಸ್ತಾನ, ಅಫ್ಘಾನಿಸ್ತಾನದವರಿಗೆ ನಮ್ಮ ದರವೇ. ಮ್ಯಾನ್ಮಾರ್, ಥಾಯ್ಲೆಂಡಿನವರಿಗೂ ಅಷ್ಟೇ. ನೆರೆಹೊರೆಯ ದೇಶಗಳ ಕೂಟ ಎರಡಿವೆ, ಆ ಕೂಟದವರಿಗೆ ಈ ರಿಯಾಯಿತಿ. ಪಾಸ್‌ಪೋರ್ಟ್ ತೋರಿಸಬೇಕು. ತಾಜ್‌ಮಹಲಿನಲ್ಲಿ ಮಾತ್ರ ಲೆಕ್ಕ ಬೇರೆ, ಅಲ್ಲಿ ಮೂರು ದರ ಇವೆ.

ಈಗ ನಮ್ಮ ಮನೆಯ ಮಾತಿಗೇ ಬರೋಣ. ರಾಯದುರ್ಗ, ಮಡಕಶಿರಾ ಹಳ್ಳಿಗಳ ಎಷ್ಟೋ ಮಕ್ಕಳು ಬೆಂಗಳೂರಿಗೆ ಹೋಗಿ, ಅಲ್ಲಿಂದ ಅಮೆರಿಕಕ್ಕೆ ಹೋಗಿದ್ದಾರೆ. ಕೆಲವರು ಅಲ್ಲಿನ ನಾಗರಿಕರೇ ಆಗಿದ್ದಾರೆ. ಅವರ ಮಕ್ಕಳು ಹುಟ್ಟಿದ್ದೇ ಅಲ್ಲಿ. ರಜೆಗೆ ಬಂದಾಗ ಅಜ್ಜಿ ಹಂಪಿ ತೋರಿಸಲು ಕರೆದುಕೊಂಡು ಹೋಗುತ್ತಾಳೆ. ಅಜ್ಜಿಗೆ 40, ಮಗನಿಗೆ 600! ಮನೆಯಲ್ಲಿ ಕನ್ನಡ ಮಾತಾಡಿದರೂ ಪಾಸ್‌ಪೋರ್ಟ್ ಬೇರೆ ದೇಶದ್ದು. ಇದಕ್ಕೆ ಒಂದು ದಾರಿ ಇದೆ. ಸಾಗರೋತ್ತರ ಭಾರತೀಯ ನಾಗರಿಕ ಅಂತ ಒಂದು ಕಾರ್ಡು ಇದೆ. ಓಸಿಐ ಕಾರ್ಡು ಅನ್ನುತ್ತಾರೆ. ಅದು ಇದ್ದವರಿಗೆ ಸ್ಮಾರಕ, ವಸ್ತುಸಂಗ್ರಹಾಲಯ, ರಾಷ್ಟ್ರೀಯ ಉದ್ಯಾನಗಳಲ್ಲಿ ಭಾರತೀಯರ ದರವೇ ಅಂತ 2021ರ ಮಾರ್ಚಿನಲ್ಲಿ ಕೇಂದ್ರ ಗೃಹ ಇಲಾಖೆ ಅಧಿಸೂಚನೆ ಹೊರಡಿಸಿದೆ. ಮಗ ಬರುವಾಗ ಆ ಕಾರ್ಡು ತರಲು ಹೇಳಿ. ಪೆಟ್ಟಿಗೆಯಲ್ಲಿ ಇಟ್ಟು ಬಂದರೆ ಪ್ರಯೋಜನವಿಲ್ಲ, ಜೇಬಿನಲ್ಲಿರಬೇಕು.

ಮಕ್ಕಳ ಟಿಕೆಟ್

15 ವರ್ಷದೊಳಗಿನ ಮಕ್ಕಳಿಗೆ ಈ ಇಲಾಖೆಯ ಯಾವ ಸ್ಮಾರಕದಲ್ಲೂ ಟಿಕೆಟ್ ಇಲ್ಲ. ನಮ್ಮ ಮಕ್ಕಳಿಗೂ ಇಲ್ಲ, ವಿದೇಶಿಯರ ಮಕ್ಕಳಿಗೂ ಇಲ್ಲ. ಇದು ಬೋರ್ಡಿನಲ್ಲಿ ಕೆಳಗಡೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ದೊಡ್ಡ ಅಕ್ಷರ ಓದಿ ನಿಂತುಬಿಟ್ಟರೆ ಇದು ತಪ್ಪಿಹೋಗುತ್ತದೆ.

ಹೀಗೆ ತಪ್ಪಿ ಹೋದದ್ದು ನಮಗೇ ಒಮ್ಮೆ ಆಗಿದೆ. ಹಂಪಿಗೆ ಹೋಗುವ ಮುಂಚಿನ ವರ್ಷ. ಎಲ್ಲಿ ಅಂತ ಹೇಳುವುದಿಲ್ಲ, ಒಂದು ಹಳೆಯ ಕಟ್ಟಡ ನೋಡಲು ಹೋಗಿದ್ದೆವು. ಟೆಂಪೋ ನಿಲ್ಲುವುದೇ ತಡ, ಒಬ್ಬ ಬಂದ. "ಅಣ್ಣಾ, ಲೈನ್ ದೊಡ್ಡದೈತೆ. ದುಡ್ಡು ಕೊಡಿ, ಟಿಕೆಟ್ ನಾನು ತರ್ತೀನಿ" ಅಂದ. ನಮ್ಮ ಪೈಕಿ ಒಬ್ಬರು ತಲೆಗೆ 25ರಂತೆ 20 ಜನಕ್ಕೆ 500 ಎಣಿಸಿ ಕೊಟ್ಟರು. ಅವನು ಟಿಕೆಟ್ ತಂದು ಕೊಟ್ಟ. ನಾವು ಒಳಗೆ ಹೋಗುತ್ತಿದ್ದೆವು. ಆಗ ಅಕ್ಕ ಬಾಗಿಲ ಬೋರ್ಡಿನ ಮುಂದೆ ನಿಂತರು. ಮೇಲಿಂದ ಕೆಳಗಿನ ತನಕ ಓದಿದರು. ನಿಧಾನ ಓದುವವರು, ಹಿಂದಿನವರು ದೂಡುತ್ತಿದ್ದರು. ಕೊನೆಯ ಸಾಲಿಗೆ ಬಂದಾಗ ಅವರ ದನಿ ಜೋರಾಯಿತು. "ಹದಿನೈದು ವರ್ಷದ ಒಳಗಿನ ಮಕ್ಕಳಿಗೆ ಉಚಿತ!"

ಟಿಕೆಟ್ ಎಣಿಸಿದೆವು. 14 ಇದ್ದವು. ಅವನು ಮಕ್ಕಳಿಗೆ ಟಿಕೆಟ್ ತಂದೇ ಇಲ್ಲ, ಹಣ ಮಾತ್ರ ತೆಗೆದುಕೊಂಡಿದ್ದ. 6 ಮಕ್ಕಳಿಗೆ 25ರಂತೆ 150 ರೂಪಾಯಿ. ಅಂದಿನ ಕೂಲಿಗೆ ಅರ್ಧ ದಿನಕ್ಕಿಂತ ಹೆಚ್ಚು. ಅಕ್ಕ ಅವನನ್ನು ಹುಡುಕಿಕೊಂಡು ಹೋದರು. ನಾವು ಇಬ್ಬರು ಹಿಂದೆ ಹೋದೆವು. ಮೊದಲು ಇಲ್ಲ ಅಂದ. ಅಕ್ಕ ಬೋರ್ಡಿನ ಕಡೆ ಕೈ ತೋರಿಸಿದರು. 100 ರೂಪಾಯಿ ವಾಪಸ್ ಕೊಟ್ಟ. ಉಳಿದ 50 ತನ್ನ ಓಡಾಟಕ್ಕೆ ಅಂದ. ಅಷ್ಟಕ್ಕೆ ಬಿಟ್ಟೆವು. ಅವನೂ ಹೊಟ್ಟೆಪಾಡಿಗೆ ನಿಂತವನು. ಆದರೆ ಅಕ್ಕ ಇವತ್ತಿಗೂ ಆ 50 ರೂಪಾಯಿ ಮರೆತಿಲ್ಲ.

ಅಲ್ಲಿಂದ ನಮ್ಮ ಗುಂಪಿನಲ್ಲಿ ಒಂದು ಅಭ್ಯಾಸ ಬಂದಿದೆ. ಟಿಕೆಟ್ಟನ್ನು ಕಿಟಕಿಯಲ್ಲೇ ಕೊಳ್ಳುತ್ತೇವೆ. ಎಷ್ಟು ಟಿಕೆಟ್ ಬಂತು, ಅದರ ಮೇಲೆ ಎಷ್ಟು ರೂಪಾಯಿ ಅಂತ ಬರೆದಿದೆ, ಎರಡೂ ನೋಡುತ್ತೇವೆ. 13, 14 ವರ್ಷದ ಎತ್ತರದ ಹುಡುಗರಿದ್ದರೆ ಆಧಾರ್ ಕಾರ್ಡೋ ಶಾಲೆಯ ಗುರುತಿನ ಚೀಟಿಯೋ ಇಟ್ಟುಕೊಳ್ಳುತ್ತೇವೆ. ಫೋನಿನಲ್ಲಿ ಫೋಟೋ ತೆಗೆಯಲು ಹಣ ಬೇಡ. ದೊಡ್ಡ ವಿಡಿಯೋ ಕ್ಯಾಮರಾಕ್ಕೆ ಮಾತ್ರ 25 ರೂಪಾಯಿ. ಇದನ್ನೂ ಯಾರಾದರೂ ಕೇಳಿದರೆ ರಸೀದಿ ಕೇಳಿ.

ಪೂಜೆ ನಡೆಯುವ ಗುಡಿಗೆ ಟಿಕೆಟ್ ಏಕಿಲ್ಲ?

ಮಡಕಶಿರಾದವರಿಗೆ ಲೇಪಾಕ್ಷಿ ಹತ್ತಿರ. ವೀರಭದ್ರನ ಗುಡಿ, ದೊಡ್ಡ ಬಸವಣ್ಣ, ನೆಲ ಮುಟ್ಟದ ಕಂಬ ನೋಡದವರು ಕಡಿಮೆ. ಆ ಗುಡಿಯೂ ಇದೇ ಇಲಾಖೆಯ ರಕ್ಷಣೆಯಲ್ಲಿದೆ. ಆದರೂ ಒಳಗೆ ಹೋಗಲು ಟಿಕೆಟ್ ಇಲ್ಲ. ಫ್ರಾನ್ಸಿನಿಂದ ಬಂದವರೂ ಬಿಟ್ಟಿ, ಹಿಂದೂಪುರದವರೂ ಬಿಟ್ಟಿ. ಕಾರಣ, ಅಲ್ಲಿ ಇಂದಿಗೂ ಪೂಜೆ ನಡೆಯುತ್ತದೆ. ದೇವರಿಗೆ ಕೈ ಮುಗಿಯಲು ಬಂದವರಿಂದ ಪ್ರವೇಶದ ಹಣ ಕೇಳುವುದು ಸರಿಯಲ್ಲ ಅನ್ನುವುದು ಹಳೆಯ ಪದ್ಧತಿ. ಅರ್ಚನೆಯ ಚೀಟಿ, ಹುಂಡಿ ಇವು ದೇವಸ್ಥಾನದ ಲೆಕ್ಕ, ಇಲಾಖೆಯದ್ದಲ್ಲ.

ಹೊಯ್ಸಳರ ಗುಡಿಗಳಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ 2023ರಲ್ಲಿ ಒಟ್ಟಿಗೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಬೇಲೂರು, ಹಳೇಬೀಡಿನಲ್ಲಿ ಪೂಜೆ ಇದೆ, ಟಿಕೆಟ್ ಇಲ್ಲ. ಸೋಮನಾಥಪುರದಲ್ಲಿ ಪೂಜೆ ಇಲ್ಲ, ಟಿಕೆಟ್ ಇದೆ. ತಂಜಾವೂರಿನ ದೊಡ್ಡ ಗುಡಿಗೂ ಟಿಕೆಟ್ ಇಲ್ಲ. ಲೇಪಾಕ್ಷಿಯ ಹೆಸರು 2022ರಲ್ಲಿ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಹೋಗಿದೆ. ಮುಂದೆ ಪೂರ್ತಿ ಸೇರಿದರೆ ನಮಗೂ ಟಿಕೆಟ್ ಬರುತ್ತಾ ಅಂತ ಕೆಲವರಿಗೆ ಭಯ. ಬೇಲೂರು, ತಂಜಾವೂರು ನೋಡಿದರೆ ಅಂಥ ಭಯ ಬೇಡ ಅನ್ನಿಸುತ್ತದೆ.

ಅಮರಾಪುರಂ ಮಂಡಲದ ಹೇಮಾವತಿಯನ್ನೂ ಮರೆಯಬಾರದು. ಒಂದು ಕಾಲಕ್ಕೆ ನೊಳಂಬ ಅರಸರ ರಾಜಧಾನಿ, ಹೆಂಜೇರು ಅಂತ ಹೆಸರು. ಅಲ್ಲಿನ ಸಿದ್ಧೇಶ್ವರ ಗುಡಿಗೂ ಟಿಕೆಟ್ ಇಲ್ಲ. ಆದರೆ ಹೇಮಾವತಿಯ ಒಳ್ಳೊಳ್ಳೆಯ ಕೆತ್ತನೆಗಳು ಕೆಲವು ಚೆನ್ನೈನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿವೆ. ನಮ್ಮ ಊರಿನ ಕಲ್ಲನ್ನು ನೋಡಲು ನಾವು ಚೆನ್ನೈಗೆ ಹೋಗಿ ಟಿಕೆಟ್ ಕೊಳ್ಳಬೇಕು.

ಉಚಿತ ದಿನ ಯಾರಿಗೆ ಉಚಿತ?

ವರ್ಷದಲ್ಲಿ ಕೆಲವು ದಿನ ಎಲ್ಲರಿಗೂ ಬಾಗಿಲು ಬಿಟ್ಟಿ. ಏಪ್ರಿಲ್ 18 ವಿಶ್ವ ಪರಂಪರೆಯ ದಿನ. ನವೆಂಬರ್ 19ರಿಂದ 25ರ ತನಕ ವಿಶ್ವ ಪರಂಪರೆಯ ಸಪ್ತಾಹ, ಅದರ ಮೊದಲನೇ ದಿನ ನವೆಂಬರ್ 19. ಈ ಎರಡು ದಿನ ಪುರಾತತ್ತ್ವ ಇಲಾಖೆ ಪ್ರವೇಶ ಉಚಿತ ಮಾಡುತ್ತ ಬಂದಿದೆ. ಮಾರ್ಚ್ 8 ಮಹಿಳಾ ದಿನ, ಈಚಿನ ವರ್ಷಗಳಲ್ಲಿ ಅವತ್ತು ಹೆಂಗಸರಿಗೆ ಟಿಕೆಟ್ ಇರುವುದಿಲ್ಲ. 2022ರಲ್ಲಿ ಸ್ವಾತಂತ್ರ್ಯದ 75 ವರ್ಷಕ್ಕೆ ಅಂತ ಆಗಸ್ಟ್ 5ರಿಂದ 15ರ ತನಕ ದೇಶದ ಎಲ್ಲಾ ಸ್ಮಾರಕಗಳನ್ನೂ ಬಿಟ್ಟಿ ಮಾಡಿದ್ದರು.

ಇದು ಕೇಳಿ ಕೇಂದ್ರದಲ್ಲಿ ಚಪ್ಪಾಳೆ ಬಿತ್ತು. ಆಮೇಲೆ ಲೆಕ್ಕ ಹಾಕಿದೆವು. ಲೆಕ್ಕ ಬೇರೆಯೇ ಹೇಳಿತು.

ಏಪ್ರಿಲ್ 18 ಕೆಲಸದ ದಿನ ಬಂತು ಅನ್ನಿ. ಕೂಲಿ ಬಿಟ್ಟು ಹೋದರೆ 300 ರೂಪಾಯಿ ಹೋಯಿತು. ಉಳಿದದ್ದು ಎಷ್ಟು? 40. ಮಕ್ಕಳಿಗೆ ಹೇಗೂ ಎಲ್ಲಾ ದಿನ ಬಿಟ್ಟಿ, ಅವರಿಂದ ಉಳಿತಾಯ ಏನೂ ಇಲ್ಲ. ಬಸ್ಸು, ಟೆಂಪೋ, ಊಟ, ಚಹಾ ಯಾವುದೂ ಅವತ್ತು ಬಿಟ್ಟಿ ಸಿಗುವುದಿಲ್ಲ. ಗಾಡಿ ನಿಲ್ಲಿಸುವ ಹಣ, ವಿಠ್ಠಲ ದೇವಸ್ಥಾನಕ್ಕೆ ಹೋಗುವ ಬ್ಯಾಟರಿ ಗಾಡಿಯ ಹಣ, ಅವು ಬೇರೆಯೇ. ನಮ್ಮಂಥವರಿಗೆ ಹಂಪಿ ದುಬಾರಿಯಾಗುವುದು ಬಾಗಿಲಲ್ಲಿ ಅಲ್ಲ, ದಾರಿಯಲ್ಲಿ. ಉಚಿತ ದಿನ ಹೆಚ್ಚು ಲಾಭ ಯಾರಿಗೆ? ಅವತ್ತು ಅಲ್ಲಿರುವ ವಿದೇಶಿಯರಿಗೆ. ಅವರಿಗೆ ಒಬ್ಬೊಬ್ಬರಿಗೆ 600 ಉಳಿಯುತ್ತದೆ. "ಹಂಗಾದ್ರೆ ನೆಂಟ್ರಿಗೆ ಒಂದಿನ ಆದ್ರೂ ಮರ್ಯಾದೆ ಆಯ್ತಲ್ಲ" ಅಂದರು ಅಕ್ಕ.

ನವೆಂಬರ್ 19 ಇನ್ನೂ ಕಷ್ಟ. ನಮ್ಮ ಕಡೆ ಶೇಂಗಾ ಕಿತ್ತು, ಒಣಗಿಸಿ, ಕಾಯಿ ಬಿಡಿಸುವ ಸಮಯ ಸುಮಾರು ಅದೇ. ಮನೆಯಲ್ಲಿ ಒಬ್ಬರೂ ಕೈ ಬಿಡುವಾಗಿರುವುದಿಲ್ಲ. ಏಪ್ರಿಲಿನಲ್ಲಿ ಹೊಲದ ಕೆಲಸ ಕಡಿಮೆ, ಶಾಲೆಯ ಮಕ್ಕಳೂ ಸಿಗುತ್ತಾರೆ. ಆದರೆ ಹಂಪಿಯ ಏಪ್ರಿಲ್ ಬಿಸಿಲು ಕೇಳಬೇಡಿ. ಬಂಡೆಯ ಮೇಲೆ ಬರಿಗಾಲಿಡಲು ಆಗುವುದಿಲ್ಲ. ಬೆಳಿಗ್ಗೆ ಹೊತ್ತು ಹುಟ್ಟುವಾಗಲೇ ಅಲ್ಲಿರಬೇಕು, ಹನ್ನೊಂದರ ಒಳಗೆ ನೆರಳು ಸೇರಬೇಕು.

ನಾವು ಹೊರದೇಶಕ್ಕೆ ಹೋದರೆ

ಎರಡು ದರ ನಮ್ಮ ದೇಶದಲ್ಲಿ ಮಾತ್ರ ಅಲ್ಲ. ಕಾಂಬೋಡಿಯಾದ ಅಂಕೋರ್ ಗುಡಿಗಳಿಗೆ ಆ ದೇಶದವರಿಗೆ ಟಿಕೆಟ್ಟೇ ಇಲ್ಲ, ಹೊರಗಿನವರಿಗೆ ಒಂದು ದಿನಕ್ಕೆ 37 ಡಾಲರ್. ಫ್ರಾನ್ಸಿನ ಪ್ಯಾರಿಸ್ಸಿನಲ್ಲಿ ಲೂವ್ರ್ ಎಂಬ ದೊಡ್ಡ ವಸ್ತುಸಂಗ್ರಹಾಲಯ ಇದೆ. 2026ರ ಜನವರಿಯಿಂದ ಯೂರೋಪಿನ ಹೊರಗಿನವರಿಗೆ ಅಲ್ಲಿ 32 ಯೂರೋ, ಯೂರೋಪಿನವರಿಗೆ 22.

ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಬಹಳ ಕಾಲ ಎಲ್ಲರಿಗೂ ಒಂದೇ ದರ ಇತ್ತು. 2026ರ ಜನವರಿ 1ರಿಂದ ಅದು ಬದಲಾಯಿತು. ಗ್ರ್ಯಾಂಡ್ ಕ್ಯಾನ್ಯನ್, ಯೆಲ್ಲೋಸ್ಟೋನ್ ಮುಂತಾದ 11 ಹೆಸರಾದ ಉದ್ಯಾನಗಳಲ್ಲಿ, ಅಲ್ಲಿ ವಾಸವಿಲ್ಲದ ಹೊರದೇಶದವರು 16 ವರ್ಷ ಮೇಲ್ಪಟ್ಟಿದ್ದರೆ ತಲೆಗೆ 100 ಡಾಲರ್ ಹೆಚ್ಚು ಕೊಡಬೇಕು. ನಮ್ಮ ಹಣದಲ್ಲಿ ಎಂಟೊಂಬತ್ತು ಸಾವಿರ ರೂಪಾಯಿ. ವರ್ಷದ ಪಾಸು ಅಲ್ಲಿನವರಿಗೆ 80 ಡಾಲರ್, ಹೊರಗಿನವರಿಗೆ 250. ಅಲ್ಲಿಯೂ ಉಚಿತ ದಿನಗಳಿವೆ. ಆದರೆ 2026ರಿಂದ ಆ ಉಚಿತ ದಿನಗಳು ಅಲ್ಲಿ ವಾಸವಿರುವವರಿಗೆ ಮಾತ್ರ. ನಮ್ಮ ಹಂಪಿಯಲ್ಲಿ ಏಪ್ರಿಲ್ 18ರಂದು ಯಾರೇ ಬಂದರೂ ಬಿಟ್ಟಿ.

ಈಗ ಯೋಚಿಸಿ. ಮೊಮ್ಮಗುವಿನ ಬಾಣಂತನಕ್ಕೆ ಅಂತ ಅಮೆರಿಕಕ್ಕೆ ಹೋಗುವ ನಮ್ಮ ಕಡೆಯ ಅಜ್ಜಿ ತಾತಂದಿರು ಎಷ್ಟು ಜನ! ಮಗ, ಸೊಸೆ ಗ್ರ್ಯಾಂಡ್ ಕ್ಯಾನ್ಯನ್ ತೋರಿಸಲು ಕರೆದುಕೊಂಡು ಹೋದರೆ, ಅಲ್ಲಿ ವಿದೇಶಿ ಸಾಲಿನಲ್ಲಿ ನಿಲ್ಲುವವರು ಇವರೇ. ಇದನ್ನು ಹೇಳಿದಾಗ ಅಕ್ಕ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಅವತ್ತು ಆ ಯಮ್ಮ ಏನೂ ಅನ್ಲಿಲ್ಲ ನೋಡಿ ಸಾರ್. ನಗಾಡ್ಕಂಡೇ ಕೊಟ್ಟು ಹೋದ್ರು" ಅಂದರು.

ನಮ್ಮಲ್ಲೂ ದರಗಳು ಬದಲಾಗುತ್ತಿವೆ. ಇಲ್ಲಿ ಬರೆದಿರುವ 40, 600, 25, 300 ಇವು 2018ರ ದರಗಳು. ರಾಜ್ಯ ಸರ್ಕಾರದ ಜಾಗಗಳು, ಅರಮನೆ, ಮೃಗಾಲಯ, ಅರಣ್ಯ ಇಲಾಖೆಯ ಕಾಡು, ಇವುಗಳ ದರ ಬೇರೆ, ಉಚಿತ ದಿನವೂ ಬೇರೆ. ಒಂದು ಕಡೆ ಬಿಟ್ಟಿ ಇದ್ದ ದಿನ ಇನ್ನೊಂದು ಕಡೆ ಇರುತ್ತದೆ ಅಂತ ಹೋಗಬೇಡಿ. ಹೋದ ಕಡೆ ಬೋರ್ಡು ಪೂರ್ತಿ ಓದಿ, ಕೆಳಗಿನ ಸಣ್ಣ ಸಾಲು ಮೊದಲು ಓದಿದರೂ ಅಡ್ಡಿಯಿಲ್ಲ.

ನಮ್ಮ ಕೇಂದ್ರದ ಗೋಡೆಯ ಕ್ಯಾಲೆಂಡರಿನಲ್ಲಿ ಅಕ್ಕ ಮುಂದಿನ ವರ್ಷಗಳನ್ನೂ ಹುಡುಕಿದರು. 2027ರಲ್ಲಿ ಏಪ್ರಿಲ್ 18 ಭಾನುವಾರ ಬರುತ್ತದೆ. ಕೂಲಿಯೂ ಹೋಗುವುದಿಲ್ಲ, ಟಿಕೆಟ್ಟೂ ಇಲ್ಲ. ಟೆಂಪೋದವನಿಗೆ ಈಗಲೇ ಹೇಳಿ ಇಟ್ಟಿದ್ದಾರೆ. ಈ ಸಲ ಮಡಕಶಿರಾದ ಕೇಂದ್ರದವರೂ ಬರುತ್ತಾರಂತೆ. ಅವರು 9 ಜನ ದೊಡ್ಡವರು, 5 ಮಕ್ಕಳು. ನಾವು 14 ಜನ ದೊಡ್ಡವರು, 6 ಮಕ್ಕಳು. ಬೇರೆ ದಿನ ಹೋಗಿದ್ದರೆ ಎಲ್ಲರಿಗೂ ಸೇರಿ ಟಿಕೆಟ್ಟಿಗೆ ಎಷ್ಟು ಆಗುತ್ತಿತ್ತು? ಫೋನಿನಲ್ಲಿ ಕಟ್ಟಿದ್ದರೆ ಎಷ್ಟು? ಸ್ಲೇಟು ತೆಗೆದುಕೊಳ್ಳಿ.